ಬ್ಯಾನರಿನಲ್ಲಿ ಇಲ್ಲದ ಕಾಲೇಜು

ಬ್ಯಾನರಿನಲ್ಲಿ ನನ್ನ ಮಗಳ ಫೋಟೊ ಚೆನ್ನಾಗಿಯೇ ಇತ್ತು. ಅದರ ಕೆಳಗೆ ಬರೆದಿದ್ದು ಮಾತ್ರ ‘ಗ್ಯಾಪ್ ಇಯರ್’.

ಕಳೆದ ಶನಿವಾರ ಇಲ್ಲಿ ಅಮೆರಿಕದ ಸ್ಯಾನ್ ಹೊಸೆಯಲ್ಲಿ ನಮ್ಮ ಕನ್ನಡ ಮನೆಗಳ ಮಕ್ಕಳ ಗ್ರ್ಯಾಜುಯೇಷನ್ ಪಾರ್ಟಿ. ಹೈಸ್ಕೂಲು, ಅಂದರೆ ಇಲ್ಲಿನ ಹನ್ನೆರಡನೆಯ ತರಗತಿ, ಮುಗಿಸಿದ ಪ್ರತಿ ಮಗುವಿನ ಫೋಟೊ, ಅದರ ಕೆಳಗೆ ಸೇರಲಿರುವ ಕಾಲೇಜಿನ ಲೋಗೊ. ಆಮೇಲೆ ತಾಯಿ ಮೈಕ್ ಹಿಡಿದು ಕಾಲೇಜಿನ ಹೆಸರು ಹೇಳಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. (ಬಿಸಿಬೇಳೆಬಾತು ಅದಾದ ಮೇಲೆಯೇ.)

ಗ್ಯಾಪ್ ಇಯರ್ ಎಂದರೆ ಕಾಲೇಜಿಗೆ ಮೊದಲು ಓದಿಗೆ ಒಂದು ವರ್ಷ ಬಿಡುವು; ನಮ್ಮ ಸಿಂಚನಾಗೆ ಯಾವ ಗ್ಯಾಪೂ ಇಲ್ಲ. ಆಗಸ್ಟಿನಲ್ಲಿ ಇಲ್ಲಿನ ಸರ್ಕಾರಿ ಕಮ್ಯುನಿಟಿ ಕಾಲೇಜಿಗೆ ಸೇರುತ್ತಿದ್ದಾಳೆ. ಎರಡು ವರ್ಷ ಅಲ್ಲಿ ಓದಿ, ತನಗೆ ಏನು ಬೇಕೆಂದು ತಿಳಿದುಕೊಂಡು, ಆಮೇಲೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗುತ್ತಾಳಂತೆ.

ಬ್ಯಾನರ್ ಮಾಡಿಸಿದ ಶೋಭಾ ನನ್ನ ಆಪ್ತ ಗೆಳತಿ. ಪಕ್ಕಕ್ಕೆ ಕರೆದು, ಕಾಲೇಜಿನ ಹೆಸರು ಕಳಿಸಿದ್ದೆನಲ್ಲ ಎಂದೆ.

“ಬೇಜಾರು ಮಾಡ್ಕೋಬೇಡಿ ಕಣ್ರೀ. ಎಲ್ಲರೆದುರು ಮಗೂಗೆ ಮುಜುಗರ ಆಗ್ಬಾರ್ದು ಅಂತ ನಾನೇ ಹಾಗೆ ಹಾಕಿಸ್ದೆ” ಅಂದರು.

ನೀವೇ ಹೇಳಿ, ಕರುಣೆಯ ಜೊತೆ ಜಗಳವಾಡುವುದು ಹೇಗೆ?

ಆ ಕಾಲೇಜನ್ನು ನಾನು ನೋಡಿದ್ದೇನೆ. ಪಾರ್ಕಿಂಗ್ ಲಾಟಿನಲ್ಲಿ ಎಷ್ಟೊಂದು ಕಾರುಗಳ ಹಿಂದಿನ ಸೀಟಿನಲ್ಲಿ ಪುಟ್ಟ ಮಕ್ಕಳ ಕಾರ್‌ಸೀಟು! ಆಸ್ಪತ್ರೆಯ ಡ್ಯೂಟಿ ಬಟ್ಟೆಯಲ್ಲೇ ಓಡಿ ಬರುವ ಹೆಂಗಸು, ಕನ್ನಡಕ ಕೊರಳಿಗೆ ನೇತುಹಾಕಿಕೊಂಡ ಅಜ್ಜಿ, ದೂರದ ಗಿಲ್‌ರಾಯ್ ಊರಿನಿಂದ ಡ್ರೈವ್ ಮಾಡಿಕೊಂಡು ಬಂದು ಕಾರಿನಲ್ಲೇ ತಿಂಡಿ ತಿನ್ನುತ್ತಿದ್ದ ಹುಡುಗಿ. ಎಲ್ಲರೂ ವಿದ್ಯಾರ್ಥಿಗಳೇ. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥ ಕಾಲೇಜುಗಳು ನೂರಕ್ಕೂ ಹೆಚ್ಚು. ಈ ದೇಶದಲ್ಲಿ ಕಾಲೇಜು ಓದುವವರಲ್ಲಿ ದೊಡ್ಡ ಪಾಲು ಹತ್ತುವುದು ಇದೇ ಮೆಟ್ಟಿಲು. ಹೈಸ್ಕೂಲು ಮುಗಿಸಿದ ಯಾರಿಗೂ ಇಲ್ಲಿ ‘ಇಲ್ಲ’ ಎನ್ನುವುದಿಲ್ಲ.

ನಮಗೆ ತೊಂದರೆ ಇರುವುದೇ ಅಲ್ಲಿ. ನಾವು ಸಿಇಟಿ ಸೀಟಿಗೆ ಹರಕೆ ಹೊತ್ತವರ ಮಕ್ಕಳು. ನನ್ನ ಕಾನ್ವೆಂಟಿನಲ್ಲಿ ಸಿಸ್ಟರು ನಮ್ಮನ್ನು ಬೆಂಚಿನಲ್ಲಿ ಕೂರಿಸುತ್ತಿದ್ದುದೂ ರ‍್ಯಾಂಕಿನ ಪ್ರಕಾರವೇ. (ನಾನು ಮೂರನೆಯ ಬೆಂಚು. ಕಿಟಕಿ ಪಕ್ಕ.) ನಾಲ್ಕು ಜನರನ್ನು ಬಾಗಿಲಿಂದಲೇ ವಾಪಸು ಕಳಿಸದ ಕಾಲೇಜು ನಮ್ಮ ಕಣ್ಣಿಗೆ ಕಾಲೇಜೇ?

ಮೈಕು ನನ್ನ ಕೈಗೆ ಬಂತು. ಗ್ಯಾಪ್ ಇಯರ್ ಎಂದುಬಿಡಿ ಎಂದು ಶೋಭಾ ಕಣ್ಣಲ್ಲೇ ಹೇಳುತ್ತಿದ್ದರು. ಎಷ್ಟು ಸಲೀಸು! ಒಂದು ಮಾತು, ಒಂದು ಚಪ್ಪಾಳೆ, ಊಟ. ಆದರೆ ಮಗಳು ಪಕ್ಕದಲ್ಲೇ ನಿಂತಿದ್ದಾಳೆ. ನಾನು ಸೆರಗು ಸರಿಮಾಡಿಕೊಂಡೆ. ಮತ್ತೊಮ್ಮೆ ಸರಿಮಾಡಿಕೊಂಡೆ.

“ಅಮ್ಮಾ, ಆರ್ ಯು ಅಶೇಮ್ಡ್?” ಸಿಂಚನಾ ನನಗಷ್ಟೇ ಕೇಳುವಂತೆ ಕೇಳಿದಳು.

ಹೇಳಿದೆ. ಕಾಲೇಜಿನ ಪೂರ್ತಿ ಹೆಸರು, ಕಮ್ಯುನಿಟಿ ಕಾಲೇಜು ಎಂಬುದನ್ನೂ ಸೇರಿಸಿ ಹೇಳಿದೆ. ಚಪ್ಪಾಳೆ ಬಂತು, ತುಸು ತಡವಾಗಿ. ಮಗಳು ನಕ್ಕು ಗೆಳತಿಯರ ಕಡೆಗೆ ಹೋದಳು.

ಅವಳ ಪಾಲಿಗೆ ಮುಗಿಯಿತು. ನನಗೆ ಮುಗಿದಿಲ್ಲ. ಪಾತ್ರೆ ತೊಳೆಯುವಾಗ, ಫ್ರೀವೇಯಲ್ಲಿ ಕಾರು ಓಡಿಸುವಾಗ ಅದೇ ಗುಂಗು. ಹೆಸರನ್ನೇನೋ ಹೇಳಿದೆ, ಅವಳ ಪ್ರಶ್ನೆಗೆ ಉತ್ತರ ಹೇಳಿದೆನೇ?

ಎಲ್ಲರಿಗೂ ಸಿಗುವುದು ನಮಗೂ ಸಿಕ್ಕಿತು ಎನ್ನಲು ಈ ನಾಲಿಗೆ ಯಾಕೆ ಇಷ್ಟು ತಡವರಿಸುತ್ತದೆ?