ಹೆಂಗಸರ ಸುದ್ದಿಗೆ ಹೋಗದ ಲಗಮಪ್ಪ

ನಮ್ಮ ದೊಡವಾಡದಲ್ಲಿ ಗಂಡುಹುಡುಗರಿಗೆ ಬುದ್ಧಿ ಹೇಳುವಾಗ ಲಗಮಪ್ಪನ ಹೆಸರು ಎತ್ತುತ್ತಿದ್ದರು. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಹೆಂಗಸರ ಸುದ್ದಿಗಂತೂ ಹೋಗುವುದೇ ಇಲ್ಲ. ಅವನ ತಾಯಿ ಶಟ್ಟೆವ್ವ ಇದನ್ನು ಓಣಿ ತುಂಬ ಹೇಳಿಕೊಂಡು ತಿರುಗುತ್ತಿದ್ದಳು. ಬಾಜೂ ಆಚಾರ್ಯರ ಮನೆಯ ಮುದುಕಿ ನಾನು, ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. ಆದರೂ ಸುಳ್ಳೆನ್ನುವಂತಿರಲಿಲ್ಲ.

ಲಗಮಪ್ಪನದು ದನ ಸಾಗಿಸುವ ಸಣ್ಣ ಗಾಡಿ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂದು ಸಂತೆಯಿಂದ ಸಂತೆಗೆ ಓಡಾಟ. ರಾಮದುರ್ಗದ ಸಂತೆಯಲ್ಲಿ ಶಿವಲಿಂಗ ಎಂಬ ದಲ್ಲಾಳಿಯಿದ್ದ. ಅವರಿಬ್ಬರದು ಬರೀ ಗೆಳೆತನವಾಗಿರಲಿಲ್ಲ. ಲಗಮಪ್ಪನ ಲಗ್ನಕ್ಕೂ ಮೊದಲಿನಿಂದ ಇಬ್ಬರೂ ಕೂಡುತ್ತಿದ್ದರು. ಇದನ್ನು ಅವನೇ ಎಲ್ಲ ಮುಗಿದ ಮೇಲೆ ನಮ್ಮ ಕಟ್ಟೆಯ ಮೇಲೆ ಕುಳಿತು, ಮುಖ ಆ ಕಡೆ ಮಾಡಿಕೊಂಡು ನನಗೆ ಹೇಳಿದ. ನನಗೆ ಅದರ ಬಗ್ಗೆ ಸಿಟ್ಟಿಲ್ಲ. ಯಾರ ಮನಸ್ಸು ಯಾರ ಕಡೆ ಹೋಗುತ್ತದೆಂದು ಕೇಳಲು ನಾನ್ಯಾರು?

ನನ್ನ ಸಿಟ್ಟು ಬೇರೆ. ಒಮ್ಮೆ ಸಂತೆಯಲ್ಲಿ ಯಾವುದೋ ಸಂಸ್ಥೆಯವರು ನಿರೋಧ ಹಂಚುತ್ತ ಬಂದಾಗ ಈ ಪುಣ್ಯಾತ್ಮ ಅದನ್ನು ತಿರುಗಿ ಕೊಟ್ಟಿದ್ದನಂತೆ. "ನಾ ಹೆಂಗಸರ ಕಡೆ ಹೋಗಾಂವ ಅಲ್ಲರೀ, ಹೋಗಾವರಿಗೆ ಕೊಡ್ರಿ" ಎಂದಿದ್ದ. ಅದು ನಾಟಕವಲ್ಲ, ಹಾಗೆಂದೇ ಅವನು ತಿಳಿದಿದ್ದ. ನಮ್ಮ ಕಡೆ ಗೋಡೆಗಳ ಮೇಲೆ ಏಡ್ಸ್ ಬಗ್ಗೆ ಬರೆದಲ್ಲೆಲ್ಲ ಒಬ್ಬ ಗಂಡಸು, ಒಬ್ಬ ಹೆಂಗಸಿನ ಚಿತ್ರ. ಅದು ಹೆಣ್ಣಿನಿಂದ ಬರುವ ಬೇನೆ ಎಂದು ಊರಿಗೆ ಊರೇ ಕಲಿತು ಕೂತಿದೆ. ನಾನೂ ಹಾಗೇ ಕಲಿತವಳು.

ಅವನ ಹೆಂಡತಿ ರಾಣಿ ಸಿರಸಂಗಿಯವಳು. ಬಸುರಾದಳು. ತಪಾಸಣೆಗೆಂದು ಆಸ್ಪತ್ರೆಗೆ ಹೋದಾಗ ರಕ್ತದಲ್ಲಿ ಎಚ್‌ಐವಿ ಇದೆ ಎಂದರು. ಗಂಡನನ್ನೂ ಕರೆಸಿ ನೋಡಿದರು, ಅವನಿಗೂ ಇತ್ತು. ಅಲ್ಲಿ ಸಲಹೆ ಹೇಳುವ ಹೆಣ್ಣುಮಗಳು ಅವನೊಬ್ಬನನ್ನೇ ಕೂಡಿಸಿಕೊಂಡು ಸಮಾಧಾನದಿಂದ ಕೇಳಿದಳಂತೆ: "ಗಂಡಸರ ಜೋಡಿ ಸಂಬಂಧ ಇತ್ತೇನ್ರಿ? ಅದರಿಂದನೂ ಬರತೈತ್ರಿ. ಹೆಂಗಸರಿಂದ ಬರೂದಕ್ಕಿಂತ ಸಲೀಸ ಬರತೈತಿ." ಲಗಮಪ್ಪ ಇಲ್ಲವೆಂದ. ಅಂದೇ ಅವನಿಗೆ ಎಲ್ಲ ತಿಳಿದುಹೋಯಿತು. ಗುಳಿಗೆ ತಪ್ಪಿಸದಿದ್ದರೆ ಇಬ್ಬರೂ ಚೆನ್ನಾಗಿರುತ್ತಾರೆ, ಕೂಸನ್ನೂ ಕಾಪಾಡಬಹುದು ಎಂದು ಹೇಳಿ ಕಳಿಸಿದರು.

ರಾಣಿ ಅತ್ತೆಗೆ ಏನನ್ನೂ ಮುಚ್ಚಿಡುವವಳಲ್ಲ. ಅಳುತ್ತ ಇದನ್ನೂ ಹೇಳಿಬಿಟ್ಟಳು. ಶಟ್ಟೆವ್ವನ ಲೆಕ್ಕ ಸರಳವಾಗಿತ್ತು. ಮಗ ಹೆಂಗಸರ ಸುದ್ದಿಗೆ ಹೋದವನಲ್ಲ. ಅಂದಮೇಲೆ ಇದನ್ನು ಮನೆಗೆ ತಂದವಳು ಸೊಸೆಯೇ. ಲಗಮಪ್ಪ ಬಾಯಿ ಬಿಡಲಿಲ್ಲ. ಅವನ ಒಳ್ಳೆಯ ಹೆಸರು ಹೆಂಡತಿಯ ಕುತ್ತಿಗೆಗೆ ಬಂತು, ಅವನು ನೋಡುತ್ತ ಕುಳಿತ. ಇದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಏಳನೇ ತಿಂಗಳಲ್ಲಿ ಕುಬುಸ, ಅಂದರೆ ಸೀಮಂತ, ಮಾಡಲೆಂದು ರಾಣಿಯ ತಂದೆ ಅಂದಾನೆಪ್ಪ, ತಾಯಿ ಸೀತವ್ವ ಹಸಿರು ಸೀರೆ, ಖಣ, ಬುತ್ತಿ ಎಲ್ಲ ಹೊತ್ತುಕೊಂಡು ಬಂದರು. ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ. ಶಟ್ಟೆವ್ವ ಅವರನ್ನು ಹೊಸ್ತಿಲು ದಾಟಗೊಡಲಿಲ್ಲ.

"ನಿಮ್ಮ ಮಗಳು ತವರಿಂದ ಏಡ್ಸ್ ತಂದಾಳ. ಕುಬಸ ನಿಮ್ಮ ಮನ್ಯಾಗ ಮಾಡ್ಕೋರ್ರಿ, ಕರ್ಕೊಂಡು ನಡೀರಿ."

ಓಣಿಯ ಮಂದಿ ಕೂಡಿತು. ಸೀತವ್ವ ಬುತ್ತಿಯ ಗಂಟು ಹಿಡಿದುಕೊಂಡೇ ಅಂಗಳದಲ್ಲಿ ಕುಸಿದಳು. ಅಂದಾನೆಪ್ಪ ಮಗಳ ಮುಖ ನೋಡಿದ. ರಾಣಿ ತಪ್ಪು ಮಾಡಿದವಳ ಹಾಗೆ ತಡವರಿಸಿದಳು: "ಅಪ್ಪಾ, ಸಣ್ಣಾಕಿದ್ದಾಗ ಜ್ವರ ಬಂದು ಸೂಜಿ ಮಾಡಿಸಿದ್ರಲ್ಲಾ, ಅದರಿಂದ ಬಂದಿರಬೇಕು. ನಾ ಮತ್ತೇನೂ ಮಾಡಿಲ್ಲಪಾ."

ಆಗ ಅಲ್ಲೇ ಕುಳಿತಿದ್ದ ಲಗಮಪ್ಪ ಎದ್ದ.

"ಅವ್ವಾ, ಅಕಿದೇನೂ ತಪ್ಪಿಲ್ಲ. ನಾ ತಂದೇನಿ."

"ಸುಳ್ಳು. ನೀ ಯಾವ ಹೆಂಗಸಿನ ಹಂತ್ಯಾಕ ಹೋಗಿದ್ದಿ?"

"ಹೆಂಗಸಲ್ಲ. ಗಂಡಸು. ರಾಮದುರ್ಗದ ಸಂತ್ಯಾಗಿನಾಂವ. ಭಾಳ ವರ್ಷದಿಂದ."

ನಾನೂ ಆ ಮಂದಿಯೊಳಗೆ ನಿಂತಿದ್ದೆ. ಶಟ್ಟೆವ್ವ ಮಗನನ್ನು ನೋಡಿ ಗಳಗಳ ಅತ್ತಳು. "ನೋಡ್ರೇ, ಎಂಥಾ ಮಗನ್ನ ಹಡದೇನಿ! ಹೆಂಡ್ತಿ ಮಾನ ಉಳಸಾಕ ತನ್ನ ಮ್ಯಾಲ ಹೊಲಸ ಸುರಕೊಳ್ಳಾಕತ್ತಾನ" ಎಂದಳು. ಮಂದಿಯೂ ಹೌದೌದು ಎಂದಿತು. ಲಗಮಪ್ಪ ದೇವರಾಣೆ ಮಾಡಿದ. ಆಣೆ ಮಾಡಿದಷ್ಟೂ ಅವರ ಕಣ್ಣಲ್ಲಿ ಅವನು ಇನ್ನಷ್ಟು ದೊಡ್ಡವನಾದ. ನನಗೆ ಅವನ ಮಾತು ಸುಳ್ಳೆನಿಸಲಿಲ್ಲ, ಅದನ್ನು ನಂಬಿಸಲು ನಾನೂ ನಾಲ್ಕು ಮಾತಾಡಿದೆ. ಆಚಾರ್ಯರ ಮನೆಯ ಮುದುಕಿಗೆ ಇದೆಲ್ಲ ಏನು ತಿಳಿಯುತ್ತದೆ ಎಂದರು.

ಅವನು ಸೋತು ಹೆಂಡತಿಯ ಕಡೆ ತಿರುಗಿದ. "ನೀನರ ನಂಬತೀಯಿಲ್ಲ?"

ರಾಣಿ ಕಣ್ಣು ಒರೆಸಿಕೊಂಡಳು. "ನಂಬತೇನ್ರಿ. ಅದಕ್ಕ ಹೊಂಟೇನಿ."

ಒಳಗೆ ಹೋಗಿ ತನ್ನ ಗುಳಿಗೆಯ ಡಬ್ಬಿ ತಂದಳು. ತಾಯಿಯನ್ನು ತೋಳು ಹಿಡಿದು ಎಬ್ಬಿಸಿದಳು. ಅಂಗಳ ದಾಟುವಾಗ ನಿಂತು ಕೇಳಿದಳು.

"ಆ ರಾಮದುರ್ಗದವರಿಗೆ ಹೆಂಡ್ತಿ ಅದಾರೇನ್ರಿ?"

"ಹೂಂ."

"ಅವರಿಗೆ ಹೇಳೀರೇನು?"

ಅಷ್ಟು ತಿಂಗಳಲ್ಲಿ ಆ ಹೆಣ್ಣುಮಗಳ ನೆನಪು ಲಗಮಪ್ಪನಿಗೆ ಒಮ್ಮೆಯೂ ಬಂದಿರಲಿಲ್ಲ.