ರಸ್ತೆಗೆ ಅಡ್ಡ ಹಾಸಿದ ಎರಡು ಕೊಳವೆ

ಬೆಳಿಗ್ಗೆ ಏಳೂವರೆಗೆ ಪಂಕ್ಚರ್ ಅಕ್ಕ ಸೈಕಲ್ ಟ್ಯೂಬೊಂದನ್ನು ನೀರಿನ ಬಾಣಲೆಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದಳು. ಅಷ್ಟರಲ್ಲಿ ನಗರಸಭೆಯ ಜೀಪು ಬಂದು ಎದುರಿಗೆ ನಿಂತಿತು. ಇಬ್ಬರು ಇಳಿದು ಎರಡು ಕಪ್ಪು ರಬ್ಬರ್ ಕೊಳವೆಗಳನ್ನು ರಸ್ತೆಗೆ ಅಡ್ಡಲಾಗಿ ಹಾಸಿ, ಮೊಳೆ ಹೊಡೆದು, ತುದಿಗಳನ್ನು ದೀಪದ ಕಂಬಕ್ಕೆ ಬಿಗಿದ ಪೆಟ್ಟಿಗೆಗೆ ಸಿಕ್ಕಿಸಿದರು.

ಆಕೆ ಕೈ ಒರೆಸಿಕೊಂಡು ಹೋಗಿ ವಿಚಾರಿಸಿದಳು. ಸೈಕಲ್ ಎಣಿಸುವ ಯಂತ್ರ, ಚಕ್ರ ಕೊಳವೆಯ ಮೇಲೆ ಹಾದರೆ ಲೆಕ್ಕಕ್ಕೆ ಸೇರುತ್ತದೆ, ಮೂರು ದಿನ ಇರುತ್ತದೆ, ಸೈಕಲ್ ಹೆಚ್ಚಿದ್ದರೆ ಬಸ್ಸು ನುಗ್ಗದ ಹಾಗೆ ಪ್ರತ್ಯೇಕ ಸೈಕಲ್ ದಾರಿ ಮಾಡುತ್ತೇವೆ ಎಂದರು.

"ಕೊಡೋಕೆ ಬಂದೋರು ಎಣಿಸಲ್ಲ. ಕಿತ್ಕೊಳ್ಳೋರು ಎಣಿಸ್ತಾರೆ," ಎಂದು ಗೊಣಗುತ್ತ ಆಕೆ ಹಿಂತಿರುಗಿದಳು.

ಸಂಶಯಕ್ಕೆ ಕಾರಣವಿತ್ತು. ಹೋದ ವರ್ಷ ಟೇಪು ಹಿಡಿದು ಬಂದವರು ಪಾದಚಾರಿ ಮಾರ್ಗ ಅಗಲ ಮಾಡುತ್ತೇವೆಂದು ನಗುನಗುತ್ತಲೇ ಅಳೆದಿದ್ದರು. ವಾರದೊಳಗೆ ಪಕ್ಕದ ಚಪ್ಪಲಿ ಹೊಲಿಯುವವನ ಗೂಡು ನಗರಸಭೆಯ ಲಾರಿ ಏರಿತ್ತು. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಸ್ಪ್ಯಾನರ್, ಪಂಪು ಹಿಡಿದು ಕೂತ ಈ ಮೂಲೆಯೇ ಆಕೆಯ ಅನ್ನ. ಇಲ್ಲಿ ಎಷ್ಟು ಸೈಕಲ್ ಮುತ್ತುತ್ತವೆಂದು ಗೊತ್ತಾದರೆ ಸಂಚಾರಕ್ಕೆ ಅಡ್ಡಿ ಎಂದು ಎಬ್ಬಿಸಿಯೇ ಬಿಡುತ್ತಾರೆ ಎಂದು ಆಕೆಗೆ ಖಾತ್ರಿಯಾಯಿತು.

ಗಾಳಿ ಹಾಕಿಸಲು ನಿಂತವರಿಗೆಲ್ಲ ಅಂದಿನಿಂದ ಒಂದೇ ಮಾತು: ಕೊಳವೆ ಬಂದಲ್ಲಿ ಇಳಿಯಿರಿ, ಸೈಕಲ್ ಎತ್ತಿ ದಾಟಿಸಿ. ಅವರು ತಮ್ಮ ಗೆಳೆಯರಿಗೂ ಹೇಳಿದರು. ಬಡಗಿ ಗರಗಸದ ಚೀಲದ ಸಮೇತ ಎತ್ತಿದ. ಲೆಕ್ಕದ ಮೇಷ್ಟ್ರು, "ಇಷ್ಟು ವರ್ಷ ಅದು ನನ್ನ ಹೊತ್ತಿದೆ, ಈಗ ನನ್ನ ಸರದಿಯೇನಮ್ಮಾ?" ಎನ್ನುತ್ತಲೇ ಎತ್ತಿದರು. ಆಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪೆಟ್ಟಿಗೆಯನ್ನೇ ಕಾದಳು.

ಮಗಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಇದೇ ರಸ್ತೆಯಲ್ಲಿ ಸೈಕಲ್ ತುಳಿಯುವವಳು. ಬಸ್ಸು ಅವಳನ್ನು ಎರಡು ಸಲ ಚರಂಡಿಗೆ ಒತ್ತಿತ್ತು. ಎರಡನೆಯ ಸಲ ಮಣಿಕಟ್ಟು ಮುರಿದಿತ್ತು. ಅಮ್ಮ ಹೇಳಿದಳೆಂದು ಅವಳೂ ಸೈಕಲ್ ಎತ್ತಿದಳು. ಸೈಕಲ್ ದಾರಿಯ ವಿಷಯವನ್ನು ಮಾತ್ರ ಆಕೆ ಮಗಳಿಗೆ ಹೇಳಿರಲಿಲ್ಲ. ಯಾರದೋ ಸುಳ್ಳನ್ನು ಮನೆಗೆ ಯಾಕೆ ತರುವುದು ಎಂದುಕೊಂಡಿದ್ದಳು.

ತಿಂಗಳ ನಂತರ ನಗರಸಭೆಯ ಫಲಕದಲ್ಲಿ ಫಲಿತಾಂಶ ಅಂಟಿಸಿದರು. ಈ ರಸ್ತೆಯಲ್ಲಿ ದಿನಕ್ಕೆ ಮೂವತ್ತೆಂಟು ಸೈಕಲ್, ರೈಲು ಹಳಿಯಾಚೆಯ ರಸ್ತೆಯಲ್ಲಿ ಆರುನೂರು. ಸೈಕಲ್ ದಾರಿ ಅಲ್ಲಿಗೆ. ಮಗಳು ಓದಿಕೊಂಡು ನೇರ ಮೂಲೆಗೆ ಬಂದಳು.

"ಎಣಿಸೋದು ಸೈಕಲ್ ದಾರಿಗೆ ಅಂತ ಅವ್ರು ನಿಂಗೆ ಹೇಳಿದ್ರಾ ಅಮ್ಮಾ?"

"ಹೇಳಿದ್ರು. ನಾನು ನಂಬ್ಲಿಲ್ಲ."

"ನನ್ನ ಕೈ ಮುರಿದಾಗ ನೀನು ಎಷ್ಟು ಅತ್ತಿದ್ದೆ. ಅದೂ ನೆನಪಾಗ್ಲಿಲ್ವಾ?"

ಮರುದಿನ ಆಕೆ ಅಂಗಡಿ ತೆರೆಯದೆ ನಗರಸಭೆಗೆ ಹೋಗಿ, ಸೈಕಲ್ ಎತ್ತಿಸಿದ್ದನ್ನು ಒಂದೂ ಬಿಡದೆ ಹೇಳಿ, ಮತ್ತೊಮ್ಮೆ ಎಣಿಸಿ ಎಂದು ಕೇಳಿಕೊಂಡಳು. ಗುಮಾಸ್ತ ಆಕೆಯನ್ನು ಮೇಲಿಂದ ಕೆಳಗೆ ನೋಡಿದ.

"ನಿಮ್ಮದು ಸೈಕಲ್ ರಿಪೇರಿ ಅಲ್ವಾ? ಅಂಗಡಿ ಮುಂದೆ ದಾರಿ ಬಂದ್ರೆ ಯಾರಿಗೆ ಲಾಭ ಅಂತ ನಮಗೂ ಗೊತ್ತಾಗುತ್ತೆ ಬಿಡಿ."

ಮುಂದಿನ ಎಣಿಕೆ ಎರಡು ವರ್ಷದ ಮೇಲೆ. ಮಗಳು ಈಗ ಹಳಿ ದಾಟಿ ಹೊಸ ಸೈಕಲ್ ದಾರಿಯಲ್ಲಿ ಸುತ್ತು ಹಾಕಿಕೊಂಡು ಆಸ್ಪತ್ರೆಗೆ ಹೋಗುತ್ತಾಳೆ. ಅದಕ್ಕಾಗಿ ಮನೆಯಿಂದ ಇಪ್ಪತ್ತು ನಿಮಿಷ ಮೊದಲೇ ಹೊರಡುತ್ತಾಳೆ.