ಅಂಕಮ್ಮನ ಒದ್ದೆ ಬಟ್ಟೆ

ಮದ್ದೂರು ಪೇಟೆಯ ನನ್ನ ಜವಳಿ ಅಂಗಡಿಯ ಜಗುಲಿಯ ಮೇಲೆ ವೀಳ್ಯದೆಲೆ ಮಾರುತ್ತಿದ್ದ ಅಂಕಮ್ಮನನ್ನು ಬಟ್ಟೆಯಂತೆ ಅಳೆದರೆ, ನೂಲು ಒರಟು, ಬಣ್ಣ ಬಿಡುವುದಿಲ್ಲ, ಚೌಕಾಸಿಗೆ ಬಗ್ಗುವುದಿಲ್ಲ.

ನಲವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ನೆಂಟರ ಮದುವೆಗೆಂದು ನಾನು ಮಳವಳ್ಳಿಗೆ ಹೊರಟಾಗ ನಮ್ಮಪ್ಪನ ಹಳೆಯ ಫೋನೋಗ್ರಾಫಿನ ಮೇಣದ ಉರುಳೆಯೊಂದನ್ನು ಅವಳ ಕೈಗೆ ಕೊಟ್ಟೆ. ತೀರಿಹೋದ ನಮ್ಮವ್ವನ ಸೋಬಾನೆ ದನಿ ಉಳಿದಿದ್ದುದು ಅದೊಂದರಲ್ಲೇ. ನಮ್ಮ ತಗಡಿನ ಮಾಡಿನಡಿ ಮೇಣ ಕರಗೀತೆಂಬ ಭಯ ನನಗೆ. ಅವಳದು ತಂಪಾದ ಮಣ್ಣಿನ ಮನೆ.

"ಬಿಸಿ ಮಾತ್ರ ತಾಕಿಸ್ಬೇಡ ಕಣಮ್ಮ," ಎಂದೆ.

"ಎಲೆನೇ ಬಾಡಕ್ ಬುಡಲ್ಲ ನಾನು, ನಿಮ್ಮವ್ವನ್ನ ಬುಟ್ಟೇನಾ?" ಎಂದಳು.

ಎಲೆಯನ್ನು ಕಾಪಾಡಿದಂತೆಯೇ ಅದನ್ನೂ ಕಾಪಾಡಿದಳು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಒಣಗಿದಾಗಲೆಲ್ಲ ನೀರು ಚಿಮುಕಿಸಿದಳು. ಹದಿನೈದು ದಿನ ಕಳೆದು ನಾನು ವಾಪಸು ಬಂದಾಗ ಮೇಣಕ್ಕೆ ಬೂಷ್ಟು ಹಿಡಿದಿತ್ತು. ಸೂಜಿ ಇಟ್ಟರೆ ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಸದ್ದು, ಅವ್ವ ಇಲ್ಲ.

ಮರುದಿನದಿಂದ ಅಂಕಮ್ಮ ಜಗುಲಿ ಬಿಟ್ಟು, ಬಸ್ಸು ನಿಲ್ಲುವ ಕಡೆ ಬಿಸಿಲಲ್ಲಿ ಕೂತಳು. ಕರೆಯಲು ಹೋದೆ.

"ನಿಮ್ಮ ಮಕ ನೋಡಕಾಗಕಿಲ್ಲ ಸಾವ್ಕಾರ್ರೆ."

"ತ್ಯಾವ ತಾಕ್ಬಾರ್ದು ಅಂತ ನಾನೇ ಯೋಳ್ಲಿಲ್ಲ ಕಣಮ್ಮ. ತಪ್ಪು ನಂದು."

"ಸಮಾಧಾನಕ್ಕೆ ಸುಳ್ ಯೋಳ್ಬೇಡಿ. ಯಾಪಾರದೋರು, ಸುಳ್ಳ ಚೆನ್ನಾಗೇ ಯೋಳ್ತೀರಿ."

ಒಂದು ಪಂಚೆ ಮಾರಿದರೂ ಅದನ್ನು ಒಗೆಯುವ ಬಗೆ ಹೇಳಿ ಕಳಿಸುವವನು ನಾನು. ಅವ್ವನ ದನಿಯನ್ನು ಕೊಡುವಾಗ ಅರ್ಧ ಮಾತಷ್ಟೇ ಹೇಳಿದೆ. ಜಗುಲಿ ಇವತ್ತಿಗೂ ಖಾಲಿಯಿದೆ. ತೇವವೂ ತಾಕಬಾರದೆಂಬ ಉಳಿದರ್ಧ ಮಾತು ಅಂಕಮ್ಮನಿಗೆ ನಾನು ಕೊಡಬೇಕಾಗಿದ್ದದ್ದು. ಆ ಸಾಲ ಇನ್ನೂ ನನ್ನ ಮೇಲಿದೆ.